ಟೋರಾ ಕಂಪನಿಗೆ ಹೂ ಕೇಳಿದ್ದು

"ಟೋರಾನ ಕೊರಿಯಾದವರೇ ತಗೊಳ್ಳೋದು! ಬೇಕಾದ್ರೆ ಬರ್ದಿಟ್ಕೊ," ಎಂದ ತಿಪ್ಪೇರುದ್ರ. ಬಾಯಿ ತುಂಬ ಅನ್ನ ಸಾಂಬಾರು ಇತ್ತು. ಎರಡು ಅಗುಳು ಎದುರಿಗೆ ಕೂತ ಕಾವ್ಯಳ ತಟ್ಟೆಗೆ ಹಾರಿದವು.

"ಥೂ, ನುಂಗಿ ಮಾತಾಡೋ! ಕೊರಿಯಾ ಎಲ್ಲೈತೆ ಅಂತ ಗೊತ್ತೇನೋ ನಿಂಗೆ? ಬಾಂಬೆದೊಂದು ಕಂಪನಿ ತಗೊಂತೈತಂತೆ. ನಮ್ಮಪ್ಪ ನ್ಯೂಸ್‌ನಾಗೆ ನೋಡೈತೆ."

"ನಿಮ್ಮಪ್ಪ ನ್ಯೂಸ್ ಹಾಕ್ಕೊಂಡು ನಿದ್ದೆ ಮಾಡ್ತೈತೆ ಕಣೇ."

ಇಬ್ಬರೂ ಒಟ್ಟಿಗೆ ಸ್ವಪ್ನಳ ಕಡೆ ತಿರುಗಿದರು. "ನೀನು ಹೇಳೇ. ನಿಮ್ಮಕ್ಕ ಏನಂತಾಳೆ?"

ಸ್ವಪ್ನ ಬೇಕೆಂದೇ ಸ್ವಲ್ಪ ತಡ ಮಾಡಿದಳು. ನೀರು ಕುಡಿದಳು. ಬಾಯಿ ಒರೆಸಿಕೊಂಡಳು. "ಅದು ಸೀಕ್ರೆಟ್. ಹೇಳಂಗಿಲ್ಲ," ಎಂದಳು.

ಸುಳ್ಳು ಯಾಕೆ ಹೇಳಬೇಕು, ಅಕ್ಕ ಅವಳಿಗೆ ಏನೂ ಹೇಳಿರಲಿಲ್ಲ. ಆದರೆ ನನ್ನಿವಾಳದ ಶಾಲೆಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳ ಬಾಯಿಯನ್ನೇ ಎಲ್ಲರೂ ನೋಡುತ್ತ ಕೂರುವುದು ದಿನಾ ಆಗುವ ಮಾತೇ?

ಟೋರಾ ಎನ್ನುವುದು ಫೋನ್ ಕಂಪನಿ. ಅದರ ಫ್ಯಾಕ್ಟರಿ ಬೆಂಗಳೂರಿನ ಆಚೆ ಎಲ್ಲೋ ಇತ್ತು. ಸ್ವಪ್ನಳ ಅಕ್ಕ ಆಶಾ ಅಲ್ಲಿ ಕೆಲಸಕ್ಕಿದ್ದಳು. ಫೋನುಗಳು ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ, ಆಶಾ ಒಂದೊಂದರ ಕ್ಯಾಮೆರಾ ಆನ್ ಮಾಡಿ ಸರಿಯಿದೆಯಾ ಎಂದು ನೋಡಿ ಮುಂದಕ್ಕೆ ಬಿಡಬೇಕು. ಊರಿನಿಂದ ಹಾಗೆ ಫ್ಯಾಕ್ಟರಿ ಕೆಲಸಕ್ಕೆ ಹೋದ ಮೊದಲ ಹುಡುಗಿ ಅವಳೇ. ಅದಕ್ಕೇ ನನ್ನಿವಾಳದಲ್ಲಿ ಯಾರ ಜೇಬಿಗೆ ಕೈ ಹಾಕಿದರೂ ನೀಲಿ ಬೆನ್ನಿನ ಟೋರಾ ಫೋನೇ ಸಿಗುತ್ತಿತ್ತು. "ನಮ್ಮ ಹುಡುಗಿ ಮಾಡಿದ್ದು," ಎಂದು ತಳಕು ಊರಿನ ಅಂಗಡಿಯವರೆಗೂ ಹೋಗಿ ತೋರಿಸಿ ಬರುವವರಿದ್ದರು.

ಆಶಾ ಹೋಗುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಅಪ್ಪ ಎಂದರೆ ರಾಜಣ್ಣ. ಮಾತು ಕಡಿಮೆ, ಆಡಿದರೆ ಮುಗಿಯಿತು. ಅಜ್ಜಿ ಪಾಲಮ್ಮ ಜಗಳವಾಡಿ ಒಪ್ಪಿಸಿದ್ದಳು. ಒಪ್ಪುವಾಗ ಅಪ್ಪ ಒಂದು ಮಾತು ಹಾಕಿದ್ದ: "ಆ ಕೆಲ್ಸ ಇರೋಗಂಟ ಇರು. ಅದು ಹೋತು ಅಂದ್ರೆ ಸೀದಾ ಮನೆಗೆ ಬಾ. ಆಮ್ಯಾಲೆ ಆ ಕಡೆ ಹೋಗೋ ಮಾತಿಲ್ಲ."

ಈಗ ಆ ಕಂಪನಿಗೇ ನಷ್ಟವಂತೆ. ಮಾರುತ್ತಾರಂತೆ. ಯಾರಾದರೂ ಕೊಂಡರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಂತ ಎಲ್ಲರೂ ಹೇಳುತ್ತಿದ್ದರು. ಸ್ವಪ್ನಳಿಗೂ ಅಷ್ಟೇ ಗೊತ್ತು. ಯಾರಾದರೂ ಕೊಂಡರೆ ಸಾಕು, ಅಕ್ಕ ಅಲ್ಲೇ ಇರುತ್ತಾಳೆ.

ಅಜ್ಜಿಗೆ ಕೊರಿಯಾ, ಬಾಂಬೆ ಎಲ್ಲ ಬೇಡ. "ನಡಿಯೇ, ದೇವ್ರನ್ನೇ ಕೇಳಿ ಬರಾಣ," ಎಂದಳು ಒಂದು ಬೆಳಿಗ್ಗೆ.

ಊರಾಚೆ, ಮುಳ್ಳುಬೇಲಿಯ ಒಳಗೆ ದೇವರ ಗುಡಿ. ಬೇಲಿಯ ಹೊರಗೇ ಚಪ್ಪಲಿ ಬಿಡಬೇಕು. ದೇವರ ಎತ್ತುಗಳು ಆಗಲೇ ಮೇಯಲು ಹೋಗಿದ್ದವು. ಅವುಗಳ ದೊಡ್ಡಿಯಲ್ಲಿ ಸಗಣಿಯ ವಾಸನೆ ಮಾತ್ರ ಇತ್ತು. ಪೂಜಾರಿ ಹನುಮಣ್ಣ ಕಲ್ಲಿನ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. ಎಡಗಡೆಯದು ಬಿದ್ದರೆ ಆಗುವುದಿಲ್ಲ ಎಂದು ಅರ್ಥ. ಬಲಗಡೆಯದು ಬಿದ್ದರೆ ಆಗುತ್ತದೆ.

"ಏನಂತ ಕೇಳ್ಲಪ್ಪ?" ಎಂದಳು ಅಜ್ಜಿ. "ಆ ಕಂಪನಿ ಹೆಸ್ರು ನನ್ನ ಬಾಯಾಗೆ ತಿರುಗಂಗಿಲ್ಲ."

"ದೇವ್ರಿಗೆ ಸುತ್ತಿ ಬಳಸಿ ಕೇಳಂಗಿಲ್ಲಮ್ಮ. ಒಂದೇ ಮಾತು. ನೆಟ್ಟಗೆ ಕೇಳ್ಬೇಕು. ಕೇಳಿದ್ದಕ್ಕಷ್ಟೇ ಹೇಳ್ತಾನೆ ಆತ."

ಅಜ್ಜಿ ಮೊಮ್ಮಗಳ ಬೆನ್ನು ತಟ್ಟಿದಳು. "ನೀನು ಓದಿದೋಳು. ನೀನೇ ಕೇಳೇ."

ಸ್ವಪ್ನ ಕೈ ಮುಗಿದು, ಕಣ್ಣು ಮುಚ್ಚಿ, ಪದ್ಯ ಒಪ್ಪಿಸುವ ದನಿಯಲ್ಲಿ ಕೇಳಿದಳು: "ಸ್ವಾಮಿ, ಟೋರಾ ಕಂಪನಿನ ದೊಡ್ಡ ಪಾರ್ಟಿ ಯಾರಾದ್ರೂ ಕೊಂಡ್ಕೊಳ್ತಾರಾ? ಕೊಂಡ್ಕೊಳ್ಳಂಗಿದ್ರೆ ಬಲಗಡೆ ಕೊಡು."

ಹನುಮಣ್ಣ ಪಕ್ಕಕ್ಕೆ ಬಾಗಿ, "ಪಾರ್ಟಿ ಅಂದ್ರೆ ಎಲೆಕ್ಷನ್ ಪಾರ್ಟಿನೇನಮ್ಮ?" ಎಂದು ಪಿಸುಗುಟ್ಟಿದ.

"ಅಲ್ಲ ತಾತ, ಸಾಹುಕಾರ್ರು."

"ಹಂಗನ್ನು ಮತ್ತೆ."

ತುಂಬ ಹೊತ್ತು ಏನೂ ಆಗಲಿಲ್ಲ. ಒಂದು ನೊಣ ಬಂದು ದೇವರ ಮೇಲೆ ಕೂತು ಎದ್ದು ಹೋಯಿತು. ಅಜ್ಜಿಯ ತುಟಿ ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ಬಲಗಡೆಯ ಹೂ ಜಾರಿತು, ನಿಂತಿತು, ಇನ್ನೊಮ್ಮೆ ಜಾರಿ ಕೆಳಕ್ಕೆ ಬಿತ್ತು.

ಅಜ್ಜಿಯ ಕಣ್ಣಲ್ಲಿ ನೀರು ಬಂತು. ಸ್ವಪ್ನ ಬೇಲಿ ದಾಟಿದ್ದೇ ಓಡಿದಳು. ಚಪ್ಪಲಿ ಮರೆತು ಓಡಿದಳು. ಅಜ್ಜಿ ಎರಡು ಜೊತೆ ಚಪ್ಪಲಿ ಹಿಡಿದು ಬೈಯುತ್ತ ಹಿಂದೆ ಬಂದಳು.

ಮುಂದಿನ ವಾರವೇ ಸುದ್ದಿ ಬಂತು. ಟೋರಾ ಮಾರಾಟವಾಗಿತ್ತು! ಕೊಂಡವರು ಬಾಂಬೆಯವರೇ. ಕಾವ್ಯ ಕ್ಲಾಸಿನಲ್ಲಿ ಬೆಂಚಿನ ಮೇಲೆ ಹತ್ತಿ ನಿಂತಳು. ತಿಪ್ಪೇರುದ್ರ, "ಬಾಂಬೆ ಕಂಪನಿಗೆ ದುಡ್ಡು ಕೊಟ್ಟೋರು ಕೊರಿಯಾದವರೇ ಇರಬೇಕು," ಎಂದು ಗೊಣಗಿದ. ಅವ್ವ ಗೀತಮ್ಮ ಬೆಲ್ಲ ಶೇಂಗಾ ಹಂಚಿದಳು. "ದೇವ್ರು ಮೊದ್ಲೇ ಹೇಳಿತ್ತು. ಕೇಳಿದ್ದು ನಾನೇ," ಎಂದು ಸ್ವಪ್ನ ಮನೆಮನೆಗೂ ಹೇಳಿಬಂದಳು.

ಅಕ್ಕನಿಗೆ ಹೇಳೋಣವೆಂದರೆ ಅವಳ ಫೋನ್ ಮಾತ್ರ ಸ್ವಿಚ್ ಆಫ್ ಬರುತ್ತಿತ್ತು.

ಮರುದಿನ ಸಂಜೆ ಚಳ್ಳಕೆರೆ ಬಸ್ಸಿನಿಂದ ಆಶಾ ಇಳಿದಳು.

"ಅಕ್ಕಾ!" ಸ್ವಪ್ನ ಓಡಿಹೋಗಿ ಸೊಂಟಕ್ಕೆ ಜೋತುಬಿದ್ದಳು. "ಯಾರು ತಗೊಂಡ್ರು ಗೊತ್ತಾ? ಬಾಂಬೆಯವ್ರು! ನಾವು ಹೂ ಕೇಳಿದ್ವಿ. ಬಲಗಡೆನೇ ಬಿತ್ತು! ನಿಂಗೆ ರಜೆ ಕೊಟ್ರಾ? ಖುಷಿಗೆ ಕೊಟ್ಟಿರ್ಬೇಕು ಅಲ್ವಾ?"

ಆಶಾ ತಂಗಿಯ ತಲೆ ಸವರಿದಳು. ಅವಳ ಬೆನ್ನಿಗೊಂದು ಬ್ಯಾಗು, ಕೈಯಲ್ಲೊಂದು ಬ್ಯಾಗು. ಇನ್ನೊಂದು ಕೈಯಲ್ಲಿ ಹಾಸ್ಟೆಲಿನ ಹಸಿರು ಬಕೆಟ್ಟು, ಅದರೊಳಗೆ ಸುತ್ತಿಟ್ಟ ದಿಂಬು, ಮಗ್ಗು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮೊದಲು ನೋಡಿದ್ದು ಆ ಬಕೆಟ್ಟನ್ನು. ರಜೆಗೆ ಬರುವವರು ಬಕೆಟ್ಟು ಹೊತ್ತು ತರುವುದಿಲ್ಲ. ಅಜ್ಜಿ ಸುಮ್ಮನೆ ಹೋಗಿ ಅದನ್ನು ಇಸಕೊಂಡು ಬಚ್ಚಲಲ್ಲಿ ಇಟ್ಟು ಬಂದಳು.

ಅಷ್ಟರಲ್ಲಿ ಬೀದಿಯ ಅರ್ಧ ಜನ ಜಗುಲಿಯಲ್ಲಿದ್ದರು. ಎಲ್ಲರ ಕೈಯಲ್ಲೂ ನೀಲಿ ಫೋನು.

"ಏನಮ್ಮ ಆಶಾ, ಹೊಸ ಓನರ್ ಹೆಂಗವ್ನೆ?"

"ಇದ್ರ ಬ್ಯಾಟ್ರಿ ಹೋದ್ರೆ ಬಾಂಬೆಗೆ ಕಳಿಸ್ಬೇಕಾ?"

"ಇನ್ನು ಸಂಬಳ ಜಾಸ್ತಿ ಅನ್ನು!"

ಆಶಾ ಚೊಂಬಿನ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟಳು. "ಹೆಸ್ರು ಮಾತ್ರ ತಗೊಂಡವ್ರೆ," ಎಂದಳು.

"ಹಂಗಂದ್ರೆ?" ಎಂದಳು ಪಕ್ಕದ ಮನೆಯ ಸೂರಮ್ಮ.

"ಟೋರಾ ಅನ್ನೋ ಹೆಸ್ರು ತಗೊಂಡ್ರು ಸೂರಮ್ಮತ್ತೆ. ಫೋನಿನ ಡಿಸೈನ್ ತಗೊಂಡ್ರು. ಫ್ಯಾಕ್ಟರಿ ಬ್ಯಾಡ ಅಂದ್ರಂತೆ. ಇನ್ಮ್ಯಾಲೆ ಬ್ಯಾರೆ ಕಡೆ ಮಾಡ್ತಾರೆ, ಅದೇ ಹೆಸ್ರು ಹಾಕ್ತಾರೆ. ಬೆಳಿಗ್ಗೆ ಶಿಫ್ಟಿಗೆ ಹೋದ್ವಿ. ಗೇಟಿಗೆ ಬೀಗ. ಎಲ್ಲಾರ ಗುರುತಿನ ಕಾರ್ಡೂ ಇಸ್ಕೊಂಡ್ರು. ಸಂಜೆ ಒಳಗೆ ಹಾಸ್ಟೆಲ್ ಖಾಲಿ ಮಾಡಿ ಅಂದ್ರು. ಪುಷ್ಪಲತಾನೂ ನಾನೂ ಒಟ್ಟಿಗೇ ಬಂದ್ವಿ. ಅವ್ಳು ಮೊಳಕಾಲ್ಮೂರಿಗೆ ಹೋದ್ಲು. ಅವ್ರ ಮನ್ಯಾಗೆ ಸೀರೆ ಮಗ್ಗ ಐತೆ."

ಜಗುಲಿಯಲ್ಲಿ ಯಾರದೋ ಫೋನ್ ರಿಂಗಾಯಿತು, ಅವರು ಗಡಿಬಿಡಿಯಲ್ಲಿ ಅದನ್ನು ಒತ್ತಿ ಆಫ್ ಮಾಡಿದರು.

"ಎತ್ತು ಬ್ಯಾಡ, ಅದ್ರ ಕೊರಳಾಗಿನ ಗಂಟೆ ಒಂದು ಬಿಚ್ಚಿ ಕೊಡು ಅಂದಂಗಾತು," ಎಂದಳು ಅಜ್ಜಿ. ಸ್ವಲ್ಪ ತಡೆದು, "ಆದ್ರೆ ಹೂ ಬಲಗಡೆನೇ ಬಿತ್ತಲ್ಲೇ ತಾಯಿ!" ಎಂದಳು. ಅವಳ ದನಿ ಸಣ್ಣಗಾಗಿತ್ತು.

"ಏನಂತ ಕೇಳಿದ್ರಿ ಅಜ್ಜಿ?" ಎಂದಳು ಆಶಾ.

ಅಜ್ಜಿ ಸ್ವಪ್ನಳನ್ನು ನೋಡಿದಳು. ಎಲ್ಲರೂ ನೋಡಿದರು. ಎರಡು ದಿನದಿಂದ ಊರಿಗೆಲ್ಲ ಹೇಳಿದ್ದ ಆ ಮಾತನ್ನು ಅವಳು ಈಗ ತಡೆತಡೆದು ಹೇಳಿದಳು.

"ಟೋರಾ ಕಂಪನಿನ... ದೊಡ್ಡ ಪಾರ್ಟಿ ಯಾರಾದ್ರೂ... ಕೊಂಡ್ಕೊಳ್ತಾರಾ ಅಂತ."

ಹೇಳುತ್ತಿದ್ದಂತೆ ಅವಳಿಗೇ ಅದು ಕೇಳಿಸಿತು. ಇಷ್ಟುದ್ದದ ಮಾತಿನಲ್ಲಿ ಕಂಪನಿ ಇತ್ತು, ಸಾಹುಕಾರರು ಇದ್ದರು. ಅಕ್ಕನ ಹೆಸರೇ ಇರಲಿಲ್ಲ.

"ಸರಿಯಾಗೇ ಹೇಳೈತೆ ಬಿಡು ದೇವ್ರು," ಎಂದಳು ಆಶಾ. ನಗಲು ನೋಡಿದಳು, ಆಗಲಿಲ್ಲ. ಎದ್ದು ಒಳಗೆ ಹೋದಳು.

ಒಳಗೆ ನಡುಮನೆಯಲ್ಲಿ ಶೇಂಗಾ ರಾಶಿ ಇತ್ತು. ಬಿತ್ತನೆಗೆಂದು ಅವ್ವ ಬಿಡಿಸುತ್ತಿದ್ದದ್ದು. ಆಶಾ ಬಟ್ಟೆಯನ್ನೂ ಬದಲಿಸದೆ ಅದರ ಮುಂದೆ ಕೂತಳು. ಸ್ವಪ್ನ ಬಂದು ಎದುರಿಗೆ ಕೂತಳು.

ಅಕ್ಕನ ಕೈ ಎಷ್ಟು ಜೋರಾಗಿ ಓಡುತ್ತಿತ್ತೆಂದರೆ! ಎತ್ತು, ಒಡೆ, ನೋಡು, ಒಳ್ಳೆಯದು ಈ ಕಡೆ, ಜೊಳ್ಳು ಆ ಕಡೆ. ಎತ್ತು, ಒಡೆ, ನೋಡು. ಹಿಂದೆ ಯಾರೋ ಗಡಿಯಾರ ಹಿಡಿದು ನಿಂತ ಹಾಗೆ. ಸ್ವಪ್ನ ಒಂದು ಬಿಡಿಸುವುದರೊಳಗೆ ಅಕ್ಕನದು ಐದಾರು ಆಗುತ್ತಿದ್ದವು.

"ಅಕ್ಕಾ, ಅರ್ಜೆಂಟಿಲ್ಲ. ಬಿತ್ತನೆ ಇನ್ನೂ ದೂರ ಐತೆ."

"ಹ್ಞೂಂ," ಎಂದಳು ಆಶಾ. ಕೈ ಮಾತ್ರ ನಿಲ್ಲಲಿಲ್ಲ.

ಹೊರಗಿನಿಂದ ಸೂರಮ್ಮ ಇಣುಕಿದಳು. ಕೈಯಲ್ಲಿ ಫೋನು. "ಆಶಾ, ಒಂದೇ ಮಾತು ಕಣಮ್ಮ. ಆ ಬಾಂಬೆಯವ್ರ ಹೆಸ್ರೇನು ಅಂದೆ? ನಮ್ಮ ಯಜಮಾನ್ರು ಕೇಳ್ತಾರೆ."

ಸ್ವಪ್ನ ಎದ್ದು ಹೋಗಿ ಹೊಸಿಲಿನ ಮೇಲೆ ನಿಂತಳು. "ಅಕ್ಕ ಮಲಗವ್ಳೆ ಅತ್ತೆ."

"ಅಲ್ಲೇ ಕೂತವ್ಳಲ್ಲೇ!"

"ಮಲಗವ್ಳೆ," ಎಂದಳು ಸ್ವಪ್ನ ಮತ್ತೊಮ್ಮೆ.

ಸೂರಮ್ಮ ಒಳಗೆ ನೋಡಿದಳು, ಸ್ವಪ್ನಳ ಮುಖ ನೋಡಿದಳು. "ಆತು ಬಿಡವ್ವ, ಮಲಗ್ಲಿ," ಎಂದು ಸೆರಗು ಹೊದ್ದುಕೊಂಡು ಹೊರಟಳು.

ಸ್ವಪ್ನ ಬಂದು ಈ ಸಲ ಅಕ್ಕನ ಪಕ್ಕಕ್ಕೇ ಕೂತಳು. "ಅಕ್ಕಾ, ನಿಂಗೆ ಅಲ್ಲಿ ಇಷ್ಟ ಇತ್ತಾ?"

ಆಶಾ ಒಂದು ಕಾಯಿಯನ್ನು ಒಡೆಯದೆ ಹಿಡಿದುಕೊಂಡಳು. "ಕಾಲು ನೋಯೋವು ಕಣೇ. ಊಟ ಸಪ್ಪೆ. ಆದ್ರೂ ಇಷ್ಟ ಇತ್ತು. ಈ ಊರಾಗೆ ನಾನು ರಾಜಣ್ಣನ ಮಗಳು. ಅಲ್ಲಿ ನಾನು ಆಶಾ." ಆಮೇಲೆ ದನಿ ತಗ್ಗಿಸಿದಳು. "ಚಾರ್ಜರ್ ಮಾಡೋ ಫ್ಯಾಕ್ಟರಿ ಇನ್ನೊಂದೈತೆ ಅಲ್ಲೇ. ಜನ ತಗೊಳ್ತಾರಂತೆ. ಪುಷ್ಪಲತಾ ಹೋಗೇ ಹೋಗ್ತಾಳೆ. ನಂಗೆ ಅಪ್ಪನ್ನ ಕೇಳೋಕೆ ಬಾಯಿ ಬರ್ತಿಲ್ಲ."

ಹೊರಗೆ ಬೈಕು ನಿಂತ ಸದ್ದಾಯಿತು. ಆಶಾಳ ಕೈ ಮತ್ತೆ ಓಡತೊಡಗಿತು.

ಅಪ್ಪ ಒಳಗೆ ಬಂದ. ದಾರಿಯಲ್ಲೇ ಯಾರೋ ಎಲ್ಲ ಹೇಳಿರಬೇಕು. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತ. ಕೊನೆಗೆ ಊರೆಲ್ಲ ಕೇಳಿದ್ದನ್ನೇ ಕೇಳಿದ.

"ಯಾರು ತಗೊಂಡ್ರಂತಮ್ಮ ಕಂಪನಿನ?"

"ಅದು ಬ್ಯಾಡ ಅಪ್ಪಾ," ಎಂದಳು ಸ್ವಪ್ನ. "ಬ್ಯಾರೆ ಕೇಳು."

"ಬ್ಯಾರೆ ಏನೇ?"

ಸ್ವಪ್ನ ಅಕ್ಕನ ಕೈಗಳನ್ನೇ ನೋಡುತ್ತ ಕೂತಳು. ಅಪ್ಪನೂ ಆ ಕಡೆ ನೋಡಿದ. ಎತ್ತು, ಒಡೆ, ನೋಡು. ಎತ್ತು, ಒಡೆ, ನೋಡು. ಬೆರಳಿನ ತುದಿಗಳು ಕೆಂಪಾಗಿದ್ದವು.

ಅಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ಮೊಣಕಾಲಿಗೆ ಕೈ ಊರಿ, ರಾಶಿಯ ಆ ಬದಿಗೆ ನೆಲದ ಮೇಲೆ ಕೂತ. ಒಂದು ಹಿಡಿ ಶೇಂಗಾ ಎಳೆದುಕೊಂಡ. ಒಂದನ್ನು ಒಡೆದ. ನಿಧಾನಕ್ಕೆ ಒಡೆದ.

ಆಶಾಳ ಕೈ ನಿಂತಿತು.

"ಹೇಳವ್ವಾ," ಎಂದ ಅಪ್ಪ. "ನಿಂಗೇನು ಮಾಡ್ಬೇಕು ಅಂತ ಐತೆ?"

ಸ್ವಪ್ನ ಸದ್ದಾಗದ ಹಾಗೆ ತನ್ನ ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಇಟ್ಟಳು.