ಎಲ್ಲ ಸೈಟಿಗೂ ಹೋದ ಒಂದು ಸಾಲು

ಹಲ್ಲಿನ ಡಾಕ್ಟರ ಫೋನು ಬಂದಾಗ ಎತ್ತಿಕೊಂಡವನು ಮೇಷ್ಟ್ರು.

"ಏನ್ರೀ ಇದು? ನಮ್ಮ ವೆಬ್‌ಸೈಟಿನ ನೆತ್ತಿ ಮೇಲೆ 'ಹೋಗಬೇಡಿ, ನೀವಿಲ್ಲದೆ ನನಗಾಗಲ್ಲ' ಅಂತ ಬರ್ತಿದೆ. ಪೇಶೆಂಟುಗಳೆಲ್ಲ ನಗ್ತಿದಾರೆ."

ಮೇಷ್ಟ್ರು ಅಂದರೆ ಅವನೇನು ಶಾಲೆಯಲ್ಲಿ ಪಾಠ ಹೇಳಿದವನಲ್ಲ. ಏನು ಕೇಳಿದರೂ ಬೋರ್ಡಿನ ಮೇಲೆ ಬರೆದು ವಿವರಿಸುತ್ತಾನೆಂದು ಆಫೀಸಿನವರು ಇಟ್ಟ ಹೆಸರದು. ಹಲ್ಲಿನ ಡಾಕ್ಟರು, ಬೇಕರಿ, ಹೂವಿನಂಗಡಿ, ಡ್ರೈವಿಂಗ್ ಸ್ಕೂಲು, ಹೀಗೆ ಎಂಟು ಗಿರಾಕಿಗಳಿಗೆ ಎಂಟು ಸೈಟು, ಪರೀಕ್ಷೆ ಮಾಡಲು ಇನ್ನೊಂದು. ಒಂಬತ್ತನ್ನೂ ಒಂದೇ ಸಾಫ್ಟ್‌ವೇರಿನಿಂದ ನಡೆಸುವ ಏರ್ಪಾಟು ಅವನದೇ. "ಮನೆ ಒಂದು, ಬಾಗಿಲು ಒಂಬತ್ತು" ಅಂತ ಜಂಬ ಕೊಚ್ಚುತ್ತಿದ್ದ. ಅವಕ್ಕೆಲ್ಲ ಬರೆಯುವವಳು ಗಿಣಿ. ಅವಳು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

ಇವತ್ತು ಆಫೀಸಿನಲ್ಲಿ ಅವಳ ಕೊನೆಯ ದಿನ. ಮೂರು ವರ್ಷ ಎದುರು ಮೇಜಿನಲ್ಲಿ ಕೂತು, ಅವಳು ಪೆನ್ನು ಕಚ್ಚಿಕೊಂಡು ಯೋಚಿಸುವಾಗ ಕದ್ದು ನೋಡಿ, ಅವಳು ತಿರುಗಿದರೆ ಕೀಬೋರ್ಡಿನ ಧೂಳು ಊದಿದ್ದೇ ಬಂತು, ಮನಸ್ಸಿನಲ್ಲಿದ್ದುದನ್ನು ಮಾತ್ರ ಅವನು ಹೇಳಲಿಲ್ಲ. ಪರೀಕ್ಷೆಯ ಸೈಟನ್ನು ಬೆಳಿಗ್ಗೆ ತೆರೆಯುವವಳು ಅವಳೊಬ್ಬಳೇ, ಅಲ್ಲಿ ನೆತ್ತಿ ಮೇಲಿನ ಸೂಚನೆಯ ಜಾಗದಲ್ಲಿ ಆ ಸಾಲು ಬರೆದಿಟ್ಟರೆ ಓದಿಯಾಳು ಅಂದುಕೊಂಡ. ಸೂಚನೆ ಎಲ್ಲ ಸೈಟಿಗೂ ಹೋಗುವಂತೆ ತಾನೇ ಟಿಕ್ ಹಾಕಿಟ್ಟಿದ್ದು ಮರೆತೇಹೋಗಿತ್ತು. ಇದಕ್ಕೇ ಅಲ್ಲವೇ ಪ್ರೀತಿಯಲ್ಲಿ ಬುದ್ಧಿ ಕೈಕೊಡುತ್ತದೆ ಅನ್ನುವುದು.

ಅವನು ಬೆಬ್ಬೆಬ್ಬೆ ಅನ್ನುವಷ್ಟರಲ್ಲಿ ಗಿಣಿ ಸಾಲನ್ನು ಅಳಿಸಿ, ಅವನ ಕೈಯಿಂದ ಫೋನು ತೆಗೆದುಕೊಂಡಳು.

"ನನ್ನದೇ ತಪ್ಪು, ಡಾಕ್ಟರೇ. ಹೂವಿನಂಗಡಿ ಜಾಹೀರಾತು, ಕೈತಪ್ಪಿ ನಿಮಗೂ ಬಂತು."

ಒಳಗಿನಿಂದ ಬಂದ ಆಫೀಸಿನ ಯಜಮಾನಿ ಮೇಡಂ, ಹೋಗೋ ದಿನವೂ ಇದೇ ಕತೆನಾ ಅಂತ ಅವಳನ್ನೇ ಬೈದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು.

ಮೇಡಂ ಹೋದ ಮೇಲೆ ಕೇಳಿದಳು, "ಯಾರಿಗೆ ಬರೆದಿದ್ದು, ಮೇಷ್ಟ್ರೇ?"

"ನಿಮಗೇ. ನಿಮ್ಮನ್ನ ಪ್ರೀತಿಸ್ತೀನಿ. ಮೂರು ವರ್ಷ ಆಯ್ತು."

ಗಿಣಿ ಅವನನ್ನು ನೆಟ್ಟ ನೋಟದಿಂದ ನೋಡಿದಳು. ಕಣ್ಣು ತುಂಬಿಬಂತು.

"ಹೋದ ತಿಂಗಳು ನಿಮ್ಮ ಹತ್ರ ಬಂದು, ಎರಡು ದಿನ ರಜೆ ಬೇಕು ಅಂದಿದ್ದೆ. ನೆನಪಿದೆಯಾ?"

"ಇದೆ."

"ಹುಡುಗನ ಮನೆಯವರು ಬರೋದಿತ್ತು. ಯಾಕೆ ರಜೆ ಅಂತ ನೀವು ಒಂದು ಮಾತು ಕೇಳಿದ್ರೆ, ಅವರಿಗೆ ಬರಬೇಡಿ ಅಂತ ಹೇಳಿಬಿಡ್ತಿದ್ದೆ. ನೀವು ಬೋರ್ಡಿನ ಹತ್ರ ಹೋಗಿ ರಜೆ ಅರ್ಜಿ ತುಂಬೋದು ಹೇಗೆ ಅಂತ ಹೇಳಿಕೊಟ್ರಿ."

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಈಗ ಹೇಳಿದ್ನಲ್ಲ."

"ಆ ಹುಡುಗನಿಗೆ ನಾನು ಮಾತು ಕೊಟ್ಟಾಗಿದೆ. ಒಳ್ಳೆಯವನು, ನನ್ನನ್ನೇ ನಂಬಿದಾನೆ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಂಗೂ ನೀವೇ ಬೇಕಿತ್ತು. ಅದನ್ನೂ ಕೇಳಿಸ್ಕೊಂಡುಬಿಡಿ."

ಸಂಜೆ ಐದಕ್ಕೆ ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಸೈಟುಗಳಲ್ಲಿದ್ದ ಅವಳ ಖಾತೆ ತೆಗೆದುಹಾಕಿ ಅಂದರು ಮೇಡಂ. ಅವನು ತೆಗೆಯಹೋದರೆ ಸಾಫ್ಟ್‌ವೇರು ಕೇಳಿತು: ಇವರ ಬರಹಗಳನ್ನು ಅಳಿಸಬೇಕೇ, ಬೇರೆಯವರ ಹೆಸರಿಗೆ ಕೊಡಬೇಕೇ? ಒಂದೊಂದು ಸೈಟಿಗೂ ಕೇಳಿತು. ಅಳಿಸಲು ಕೈ ಬರಲಿಲ್ಲ. ಒಂಬತ್ತು ಸಲವೂ ತನ್ನ ಹೆಸರನ್ನೇ ಆರಿಸಿದ.

ಆಮೇಲೆ ಬೇಕರಿಯ ಪುಟ ತೆರೆದ. ಅವಳ ಮಾತು, ಅವಳ ತಮಾಷೆ, ಎಲ್ಲ ಇದ್ದ ಹಾಗೇ ಇತ್ತು. ಕೆಳಗೆ ಬರೆದವರು ಅನ್ನುವಲ್ಲಿ ಅವನ ಹೆಸರಿತ್ತು. ಎಷ್ಟು ಹುಡುಕಿದರೂ ಅವಳ ಹೆಸರು ಸಿಗಲಿಲ್ಲ.