ಮೇಣದ ಅರಮನೆಯ ಸಾವಿರ ಬಾಗಿಲು

ನಮ್ಮ ಅಜ್ಜಿಯ ಅಜ್ಜಿ ಹುಟ್ಟುವುದಕ್ಕೂ ಮೊದಲು, ಎಲ್ಲಿ ನೋಡಿದರೂ ಮರಳೇ ಇದ್ದ ಒಂದು ರಾಜ್ಯವಿತ್ತು. ಅಲ್ಲಿ ಬಾಗಿಲು ಮಾಡುವ ಹೊನ್ನಲೆ ಎಂಬವಳಿದ್ದಳು. ಅವಳ ತಮ್ಮ ಕೇತನನ್ನು ಉರಿಗಣ್ಣನೆಂಬ ಮಾಂತ್ರಿಕ ಮೇಣದ ಗೊಂಬೆ ಮಾಡಿ, ಮೇಣದ ಅರಮನೆಯಲ್ಲಿ ನಿಲ್ಲಿಸಿಬಿಟ್ಟಿದ್ದ.

"ಇಲ್ಲಿ ಸಾವಿರ ಬಾಗಿಲಿವೆ," ಎಂದ ಮಾಂತ್ರಿಕ. "ನನ್ನ ನಗಾರಿ ಢಂ ಎಂದರೆ ಇಳಿಯಬೇಕು, ಟಣ್ ಎಂದರೆ ಏಳಬೇಕು. ಬೆಳಗಿನಿಂದ ಸಂಜೆಯವರೆಗೆ. ಅವನ್ನು ಆಡಿಸಲು ದಿನಕ್ಕೆ ಒಂದೇ ಕೊಡ ಜೇನು. ಮೂರು ದಿನದಲ್ಲಿ ಒಂದು ದಿನವಾದರೂ ಇದು ಆಗದಿದ್ದರೆ ತಮ್ಮನ ಆಸೆ ಬಿಡು."

ಹೊನ್ನಲೆಗೆ ಎಲ್ಲದರಲ್ಲೂ ಆತುರ. ಮೊದಲ ದಿನ ಎಲ್ಲಕ್ಕಿಂತ ಚುರುಕಾದ ಬೆಂಕಿಹಕ್ಕಿಗಳನ್ನು ಕರೆತಂದಳು. ಸದ್ದಾಗುವುದೇ ತಡ, ಬಾಗಿಲು ಎದ್ದಿರುತ್ತಿತ್ತು. ಆದರೆ ಬಾಗಿಲನ್ನು ಸುಮ್ಮನೆ ಹಿಡಿದು ನಿಲ್ಲುವುದಕ್ಕೂ ಅವುಗಳ ಬಾಯಿಗೆ ಜೇನು ಸುರಿಯುತ್ತಲೇ ಇರಬೇಕು. ಮಧ್ಯಾಹ್ನಕ್ಕೇ ಕೊಡ ಬರಿದಾಯಿತು. ಆ ರಾಜ್ಯದಲ್ಲಿ ಪೋಲಾದ ಜೇನು ಶಾಖವಾಗುತ್ತಿತ್ತು. ಆ ಶಾಖವನ್ನು ಕುಡಿದು ಉರಿಗಣ್ಣ ದಪ್ಪಗಾದ. ಕೇತನ ಕಿರುಬೆರಳು ಕರಗಿತು.

ಎರಡನೆಯ ದಿನ ಕುಳ್ಳರನ್ನು ಕರೆತಂದಳು. ಕೆಲಸ ಮಾಡಲು ಇವರಿಗೆ ಜೇನು ಬೇಕಿಲ್ಲ, ಸದ್ದು ಕೇಳಿಸಿದರೆ ಸಾಕು. ಹೊನ್ನಲೆ ಬಾಗಿಲಿಗೊಂದು ಜೇನಿನ ಕೊಳವೆ ಜೋಡಿಸಿ, ಕೊಡದ ಜೇನು ಒಳಬರಲು ಮೇಲೊಂದು, ಹೊರಹೋಗಲು ಕೆಳಗೊಂದು ನಲ್ಲಿ ಇಟ್ಟಳು. ತುಂಬಿದರೆ ಬಾಗಿಲು ಏಳುತ್ತದೆ, ಬರಿದಾದರೆ ಇಳಿಯುತ್ತದೆ. ಮೇಲಿನ ನಲ್ಲಿಯನ್ನು ತೆರೆದೇ ಬಿಟ್ಟು, ಕೆಳಗಿನ ನಲ್ಲಿಗೆ ಒಬ್ಬ ಕುಳ್ಳನನ್ನು ನಿಲ್ಲಿಸಿದಳು. ಬಾಗಿಲು ಇಳಿದಿದ್ದಷ್ಟು ಹೊತ್ತೂ ಎರಡೂ ನಲ್ಲಿ ತೆರೆದಿದ್ದು, ಜೇನು ಮೇಲಿನಿಂದ ಕೆಳಕ್ಕೆ ಸುರಿದುಹೋಯಿತು. ಸಂಜೆಗೆ ಮುನ್ನ ಕೊಡ ಮತ್ತೆ ಬರಿದು. ಕೇತನ ಉಂಗುರಬೆರಳೂ ಹೋಯಿತು. ಹೊನ್ನಲೆ ಬಿಕ್ಕಿಬಿಕ್ಕಿ ಅತ್ತಳು.

ಅಂಗಳದ ಮೂಲೆಯಲ್ಲಿ ಇನ್ನೊಂದು ಗುಂಪಿನ ಕುಳ್ಳರು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು.

"ನಿಮಗ್ಯಾಕೆ ಕೆಲಸ ಇಲ್ಲ?" ಎಂದಳು.

"ನಾವು ತಿರುಗುಮುರುಗು ಕಣಮ್ಮ. ಅವರು ನಲ್ಲಿ ತೆರೆಯುವಾಗ ನಾವು ಮುಚ್ತೀವಿ, ಅವರು ಮುಚ್ಚುವಾಗ ತೆರೀತೀವಿ. ನಿಧಾನ ಬೇರೆ. ಯಾರು ಕರೀತಾರೆ?"

ಹೊನ್ನಲೆ ಕಣ್ಣೊರೆಸಿಕೊಂಡಳು. "ನಾನು ಕರೀತೀನಿ. ನೀವು ಹೀಗೇ ಇರಿ, ಸಾಕು!"

ಮೂರನೆಯ ದಿನ ಅವರನ್ನು ಮೇಲಿನ ನಲ್ಲಿಗಳಿಗೆ ನಿಲ್ಲಿಸಿದಳು. ಢಂ ಎಂದಾಗ ಕೆಳಗಿನವನು ತೆರೆದ, ಮೇಲಿನವನು ಮುಚ್ಚಿದ. ಟಣ್ ಎಂದಾಗ ಅದಲುಬದಲು. ಎರಡು ನಲ್ಲಿಗಳಲ್ಲಿ ಒಂದು ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಬಾಗಿಲು ಅಲುಗುವಾಗ ಒಂದಿಷ್ಟು ಜೇನು ಖರ್ಚು, ನಿಂತಾಗ ಒಂದು ಹನಿಯೂ ಇಲ್ಲ. ಹಕ್ಕಿಗಳಷ್ಟು ಬಿರುಸಿಲ್ಲದಿದ್ದರೂ ನಗಾರಿಯ ತಾಳ ತಪ್ಪಲಿಲ್ಲ.

ಅರಮನೆ ತಣ್ಣಗಾಯಿತು. ಕುಡಿಯಲು ಶಾಖವಿಲ್ಲದೆ ಉರಿಗಣ್ಣ ಗಡಗಡ ನಡುಗಿದ, ಕುಗ್ಗಿದ, ಸಂಜೆಗೆ ಕಿಡಿಯಷ್ಟಾಗಿ ಆರಿಹೋದ. ಕೊಡದಲ್ಲಿ ಅರ್ಧ ಜೇನು ಉಳಿದಿತ್ತು.

ಮಾಟ ಕಳೆದು ಕೇತ ಕಣ್ಣು ಬಿಟ್ಟು ಕೈ ನೋಡಿಕೊಂಡ. "ಅಕ್ಕಾ, ಎರಡು ಬೆರಳೆಲ್ಲಿ?"

"ನನ್ನ ಆತುರಕ್ಕೆ ಹೋದವು ಕಣೋ," ಎಂದು ಹೊನ್ನಲೆ ತಲೆ ತಗ್ಗಿಸಿದಳು.

"ಜೇನು ನೆಕ್ಕಲು ಮೂರು ಸಾಕು ಬಿಡಕ್ಕ," ಎಂದು ಅವನು ಕೊಡಕ್ಕೆ ಕೈಹಾಕಿದ. ಎರಡೂ ಗುಂಪಿನ ಕುಳ್ಳರು ಸುತ್ತ ಕೂತು ಪಾಲು ಪಡೆದರು. ಅವರೆಲ್ಲ ಅಲ್ಲಿ ತಣ್ಣಗಿದ್ದಾರೆ, ನಾವೂ ಇಲ್ಲಿ ತಣ್ಣಗಿರೋಣ.