ಕಡಲಿನ ಪರವಾಗಿ

ಅಟ್ಟದಿಂದ ಕೊಬ್ಬರಿ ಇಳಿದ ಮಾರನೆಯ ಬೆಳಗ್ಗೆ ಯಮುನಾ ದಬ್ಬೇಘಟ್ಟದ ಬಸ್ಸಿನಲ್ಲಿ ಶಾಲೆಗೆ ನಿಂತೇ ಬಂದಳು. ಸೀಟು ಖಾಲಿಯಿದ್ದರೂ ಕೂರುವ ವ್ಯವಧಾನವಿರಲಿಲ್ಲ, ಅಷ್ಟು ಖುಷಿ.

ಅವರ ಮನೆಯ ಕಟ್ಟಳೆಯೇ ಹಾಗೆ. ಅಟ್ಟಕ್ಕೇರಿಸಿದ ಕಾಯಿ ಹೆಚ್ಚುಕಮ್ಮಿ ಒಂದು ವರ್ಷ ಒಣಗಿ, ಕೊಬ್ಬರಿಯಾಗಿ ಕೆಳಗಿಳಿಯುವವರೆಗೆ ಯಾರೂ ಮದುವೆಯ ಮಾತು ಎತ್ತುವಂತಿಲ್ಲ. ಹೋದ ವರ್ಷ ನಾಗಭೂಷಣ ಮೆಲ್ಲಗೆ ಕೇಳಿದಾಗಲೂ ಅವಳು ಅದನ್ನೇ ಹೇಳಿದ್ದಳು. ಕೊಬ್ಬರಿ ಇಳಿಯಲಿ, ಆಮೇಲೆ ನಾನೇ ಅಪ್ಪನ ಹತ್ತಿರ ಮಾತಾಡುತ್ತೇನೆ ಎಂದಿದ್ದಳು. ಅವನು ಆಗಲಿ ಎಂದಿದ್ದ.

ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಪಾಠ ಮಾಡುವವರು. ಅವಳದು ಫಿಸಿಕ್ಸ್, ಅವನದು ಬಯಾಲಜಿ. ಪ್ರತಿ ವಿಜ್ಞಾನ ದಿನಕ್ಕೆ ಮಕ್ಕಳೆದುರು ಇವರ ಚರ್ಚೆ ಇರಲೇಬೇಕು: ದೇಶ ಮೊದಲು ಶೋಧಿಸಬೇಕಾದ್ದು ಆಕಾಶವನ್ನೋ, ಕಡಲನ್ನೋ? ಚಂದ್ರನ ಗುಂಡಿಗಳಿಗೂ ನಕ್ಷೆ ಇದೆ, ನಮ್ಮ ಕಡಲ ತಳಕ್ಕೇ ಸರಿಯಾದ್ದಿಲ್ಲ ಎಂದು ಅವನು. ಸ್ಯಾಟಲೈಟ್ ಇಲ್ಲದಿದ್ದರೆ ಮಳೆ ಬರುವುದನ್ನು ಯಾರು ಹೇಳುತ್ತಿದ್ದರು ಎಂದು ಅವಳು. ಆ ಮಳೆ ಹುಟ್ಟುವುದೇ ಕಡಲಲ್ಲಲ್ಲವೇ ಮೇಡಂ ಎಂದು ಅವನು ಕಣ್ಣು ಕಿರಿದು ಮಾಡಿ ನಕ್ಕರೆ ಅವಳಿಗೆ ಮುಂದಿನ ಮಾತೇ ಮರೆತುಹೋಗುತ್ತಿತ್ತು. ಆದರೂ ಪ್ರತಿ ವರ್ಷ ಗೆಲ್ಲುತ್ತಿದ್ದವಳು ಅವಳೇ. ಮಕ್ಕಳಿಗೆ ರಾಕೆಟ್ ಅಂದರೆ ಪ್ರಾಣ.

ಇವತ್ತೂ ಚರ್ಚೆಯಿತ್ತು. ಲ್ಯಾಬಿನಲ್ಲಿ ಅವನೊಬ್ಬನೇ ಇದ್ದ. ಅವಳು ಬ್ಯಾಗು ಕೂಡ ಇಳಿಸಲಿಲ್ಲ.

“ಕೊಬ್ಬರಿ ಇಳೀತು ಕಣ್ರೀ. ಸಾಯಂಕಾಲ ಅಪ್ಪನಿಗೆ ಹೇಳ್ತೀನಿ.”

ಅವನು ಮೇಜಿನ ಅಂಚು ಹಿಡಿದುಕೊಂಡ.

“ನಮ್ಮವ್ವ ಮೊನ್ನೆ ದೇವರ ಹತ್ರ ಹೂ ಕೇಳಿದ್ಳು ಯಮುನಾ. ಬಲಗಡೆ ಬಿತ್ತು. ಮಾವನ ಮಗಳ ಜೊತೆ ನನ್ನ ಮದುವೆ ಅಂತ ಮನೇಲಿ ಮಾತು ಕೊಟ್ಬುಟ್ರು.”

ಬಲಗಡೆ ಹೂ ಬಿದ್ದರೆ ದೇವರು ಒಪ್ಪಿದಂತೆ. ಅದನ್ನು ಮೀರುವ ಮನೆ ಈ ಸೀಮೆಯಲ್ಲಿ ಎಲ್ಲಿದೆ? ನನ್ನ ವಿಷಯ ನೀವು ಹೇಳಲಿಲ್ಲವೇ ಎಂದು ಅವಳು ಕೇಳಿದಳು.

“ಹೇಳ್ದೆ. ಯಾವ ಮನೆಯವರು ಬಂದು ಕೇಳಿದಾರೆ ತೋರ್ಸು ಅಂದ್ಳು. ನನ್ನ ಹತ್ರ ತೋರ್ಸಕ್ಕೆ ಏನಿತ್ತು?”

ಯಮುನಾ ಬ್ಯಾಗು ಇಳಿಸಿದಳು. ಎಂಥ ಪೆದ್ದಿ ನಾನು, ಒಂದು ವರ್ಷ ಇವನನ್ನೂ ಅಟ್ಟದ ಮೇಲಿಟ್ಟು ಕೂತಿದ್ದೆನಲ್ಲ! ಅಷ್ಟರಲ್ಲಿ ಬೆಲ್ಲಾಯಿತು.

ಚರ್ಚೆಯಲ್ಲಿ ನಾಗಭೂಷಣ ತಡವರಿಸಿದ. ಕಡಲ ಬಗ್ಗೆ ಎರಡು ಮಾತಾಡಿ ಕೂತುಬಿಟ್ಟ. ಮಕ್ಕಳು ರಾಕೆಟ್ಟಿಗಾಗಿ ಕಾದಿದ್ದರು. ಯಮುನಾ ಎದ್ದು ಮೈಕು ಹಿಡಿದಳು.

“ಇಷ್ಟು ವರ್ಷ ನಾನು ಹೇಳಿದ್ದು ತಪ್ಪು, ಮಕ್ಕಳೇ. ಚಂದ್ರ ಎಲ್ಲಿಗೂ ಹೋಗಲ್ಲ, ನಾವು ತಡವಾಗಿ ಹೋದ್ರೂ ಹಾಗೇ ಇರ್ತಾನೆ. ಕಡಲು ಹಾಗಲ್ಲ. ದಿನಾ ಬಿಸಿ ಏರ್ತಾ ಇದೆ, ಒಳಗಿನ ಹವಳ ಸಾಯ್ತಾ ಇದೆ. ಆಮೇಲೆ ನೋಡಿದ್ರಾಯ್ತು ಅಂದ್ಕೊಂಡು ಹೋದ್ರೆ ಅಲ್ಲಿ ನಮಗೆ ಅಂತ ಏನೂ ಉಳಿದಿರಲ್ಲ. ಅದಕ್ಕೇ ಕಡಲೇ ಮೊದಲು.”

ಮಕ್ಕಳು ಮುಖ ಮುಖ ನೋಡಿಕೊಂಡರು. ಆಮೇಲೆ ಜೋರು ಚಪ್ಪಾಳೆ ಬಿತ್ತು. ಈ ಸಲ ಗೆದ್ದವರು ನಾಗಭೂಷಣ ಸಾರ್ ಎಂದು ಹೆಡ್‌ಮಾಸ್ಟರು ನಗುತ್ತಾ ಕೂಗಿ, ವೇದಿಕೆಗೆ ಕರೆದರು.

ಗೆದ್ದವನು ತಲೆ ತಗ್ಗಿಸಿ ಕೂತಲ್ಲಿಂದ ಮೇಲೇಳಲೇ ಇಲ್ಲ.